ಹಸಿ ತತ್ತಿಯ ಹಳದಿ: ಬೇರ್ಪಡಿಸುವುದು ಹೇಗೆ? ಬಿಸಿ ಮಾಡುವುದು ಏಕೆ?



ಸುರಪುರ, ಶಹಾಪುರ, ಯಾದಗಿರಿಯ ಕಡೆ ಮೊಟ್ಟೆಗೆ ತತ್ತಿ ಎನ್ನುತ್ತಾರೆ. ಗರಡಿಯಲ್ಲಿ ಸಾಮು ಮಾಡುವ ಹುಡುಗರಿಗೆ ಆ ಭಾಗದ ಹಿರಿಯರು ಹೇಳುವ ಮಾತೊಂದಿದೆ: ಹಸಿ ತತ್ತಿ ಒಡೆದು ಹಾಲಿಗೆ ಹಾಕಿ ಕುಡಿ, ಮೈಗೆ ಕಸುವು ಬರುತ್ತದೆ. ಬಿಳಿಯನ್ನು ಬಿಟ್ಟು ಹಳದಿಯನ್ನಷ್ಟೇ ಹಸಿಯಾಗಿ ನುಂಗುವವರೂ ಇದ್ದಾರೆ. ಈ ಸಲಹೆಯಲ್ಲಿ ಅರ್ಧ ಸತ್ಯವಿದೆ. ಹಳದಿ ನಿಜಕ್ಕೂ ಪೌಷ್ಟಿಕ. ಆದರೆ ಹಸಿಯಾಗಿದ್ದರೆ ಅದರ ಶಕ್ತಿ ಹೆಚ್ಚು ಎಂಬುದು ಸರಿಯಲ್ಲ. ದೂರದರ್ಶನದ ಪರದೆಯ ಮೇಲೆ ಹಳದಿಯನ್ನು ಬೇರ್ಪಡಿಸಿ ತೋರಿಸುವುದು ಅರ್ಧ ನಿಮಿಷದ ಕೆಲಸ. ಅದರ ಹಿಂದಿನ ಕಾರಣಗಳನ್ನು ಇಲ್ಲಿ ನಿಧಾನವಾಗಿ ನೋಡೋಣ.

ಒಳಗೆ ಏನಿದೆ?

ಸುಮಾರು ೫೫ ಗ್ರಾಂ ತೂಕದ ಒಂದು ಕೋಳಿಮೊಟ್ಟೆಯನ್ನು ತೆಗೆದುಕೊಳ್ಳಿ. ಅದರಲ್ಲಿ ಚಿಪ್ಪು ಸುಮಾರು ೬ ಗ್ರಾಂ, ಬಿಳಿ ಲೋಳೆ ೩೨ ಗ್ರಾಂ, ಹಳದಿ ೧೭ ಗ್ರಾಂ. ಬಿಳಿಯ ಬಹುಭಾಗ ನೀರು. ಉಳಿದದ್ದು ಹೆಚ್ಚಾಗಿ ಪ್ರೋಟೀನು. ಹಳದಿಯಲ್ಲಿ ನೀರು ಅರ್ಧದಷ್ಟು ಮಾತ್ರ. ಅದರಲ್ಲಿ ಸುಮಾರು ೨.೭ ಗ್ರಾಂ ಪ್ರೋಟೀನು, ೪.೫ ಗ್ರಾಂ ಕೊಬ್ಬು ಇವೆ. ಮೊಟ್ಟೆಯಲ್ಲಿರುವ ಎ ಮತ್ತು ಡಿ ಜೀವಸತ್ವಗಳು ಹಳದಿಯಲ್ಲೇ ಇವೆ. ಕಬ್ಬಿಣ ಹಾಗೂ ಬಿ-೧೨ರ ಹೆಚ್ಚಿನ ಪಾಲೂ ಅಲ್ಲಿಯೇ. ಮರಿಯೊಂದು ಬೆಳೆಯಲು ಬೇಕಾದ ಬುತ್ತಿ ಅದು.

ಬುತ್ತಿ ಇದ್ದಲ್ಲಿಗೆ ಕಳ್ಳರೂ ಬರುತ್ತಾರೆ. ಅದಕ್ಕೇ ಪ್ರಕೃತಿ ಕಾವಲು ಇಟ್ಟಿದೆ. ಆ ಕಾವಲೇ ಬಿಳಿ ಲೋಳೆ. ಅಲೆಕ್ಸಾಂಡರ್ ಫ್ಲೆಮಿಂಗ್ ೧೯೨೨ರಲ್ಲಿ ವರ್ಣಿಸಿದ ಲೈಸೊಜೈಮ್ ಎಂಬ ಕಿಣ್ವ ಬಿಳಿಯಲ್ಲಿ ಧಾರಾಳವಾಗಿದೆ. ಅದು ಹಲವು ಬ್ಯಾಕ್ಟೀರಿಯಗಳ ಕೋಶಭಿತ್ತಿಯನ್ನೇ ಒಡೆಯುತ್ತದೆ. ಬಿಳಿಯಲ್ಲಿರುವ ಇನ್ನೊಂದು ಪ್ರೋಟೀನು ಕಬ್ಬಿಣವನ್ನು ಬಿಗಿಯಾಗಿ ಹಿಡಿದಿಟ್ಟುಕೊಂಡು ರೋಗಾಣುಗಳಿಗೆ ಸಿಗದಂತೆ ಮಾಡುತ್ತದೆ. ಹಳದಿಗೆ ಈ ರಕ್ಷಣೆಗಳಿಲ್ಲ. ಅದರ ಸುತ್ತ ಇರುವುದು ತೆಳುವಾದ ಒಂದು ಪೊರೆ ಮಾತ್ರ.

ಹಾಗಾಗಿ ಈ ಲೇಖನದಲ್ಲಿ ನೀವು ನೆನಪಿಡಬೇಕಾದ ಮುಖ್ಯ ಮಾತು ಇದು: ಹಳದಿಯನ್ನು ಬಿಳಿಯಿಂದ ಬೇರ್ಪಡಿಸಿದ ಕ್ಷಣದಲ್ಲಿ ಅದರ ಕಾವಲನ್ನು ತೆಗೆದಂತಾಯಿತು. ಅಲ್ಲಿಂದ ಮುಂದೆ ಕಾಯುವ ಕೆಲಸ ನಿಮ್ಮದು.

ಬಿಸಿಲೂ ರೋಗಾಣುವೂ

ಕಾಯಬೇಕಾದದ್ದು ಮುಖ್ಯವಾಗಿ ಸಾಲ್ಮೊನೆಲ್ಲ ಎಂಬ ಬ್ಯಾಕ್ಟೀರಿಯದಿಂದ. ಇದು ಚಿಪ್ಪಿನ ಮೇಲಿನ ಹಿಕ್ಕೆಯಲ್ಲಿ ಇರಬಹುದು. ಕೆಲವೊಮ್ಮೆ ಚಿಪ್ಪು ಕಟ್ಟುವ ಮೊದಲೇ ಕೋಳಿಯ ಅಂಡಾಶಯದಿಂದ ಮೊಟ್ಟೆಯೊಳಗೆ ಸೇರಿರಲೂಬಹುದು. ಅಂಥ ಮೊಟ್ಟೆಯ ವಾಸನೆ, ಬಣ್ಣ, ರುಚಿ ಯಾವುದೂ ಬದಲಾಗಿರುವುದಿಲ್ಲ. ತಿಂದ ಆರು ಗಂಟೆಯಿಂದ ಮೂರು ದಿನದೊಳಗೆ ಜ್ವರ, ಹೊಟ್ಟೆನೋವು, ಭೇದಿ ಕಾಣಿಸಿಕೊಳ್ಳುತ್ತವೆ. ಗಟ್ಟಿಮುಟ್ಟಾದ ಹುಡುಗ ನಾಲ್ಕು ದಿನ ನರಳಿ ಎದ್ದಾನು. ಎಳೆಯ ಮಕ್ಕಳು, ಗರ್ಭಿಣಿಯರು, ಮುದುಕರಿಗೆ ಅದು ಪ್ರಾಣಕ್ಕೇ ಕುತ್ತಾಗಬಹುದು.

ಎಲ್ಲ ಮೊಟ್ಟೆಯಲ್ಲೂ ಈ ರೋಗಾಣು ಇರುವುದಿಲ್ಲ. ಇದ್ದರೂ ಮೊದಲಿಗೆ ಕೆಲವೇ ಇರುತ್ತವೆ. ಆದರೆ ಲೆಕ್ಕ ಹಾಕಿ ನೋಡಿ. ಬೆಚ್ಚಗಿನ ವಾತಾವರಣ, ಒಳ್ಳೆಯ ಆಹಾರ ಸಿಕ್ಕರೆ ಒಂದು ಬ್ಯಾಕ್ಟೀರಿಯ ಸುಮಾರು ೨೦ ನಿಮಿಷಕ್ಕೆ ಎರಡಾಗಬಲ್ಲದು. ಗಂಟೆಗೆ ಎಂಟು, ನಾಲ್ಕು ಗಂಟೆಗೆ ೪,೦೯೬! ಬೇಸಿಗೆಯಲ್ಲಿ ಸುರಪುರದ ಕಡೆ ಹಗಲಿನ ಉಷ್ಣತೆ ೪೦ ಡಿಗ್ರಿ ದಾಟುವುದು ಸಾಮಾನ್ಯ. ಅಡುಗೆಮನೆಯ ಬಟ್ಟಲಲ್ಲಿ ಬಿಟ್ಟ ಹಸಿ ಹಳದಿ ಆ ದಿನಗಳಲ್ಲಿ ಬ್ಯಾಕ್ಟೀರಿಯಗಳಿಗೆ ಹಬ್ಬದೂಟ. ಒಡೆಯದ ಮೊಟ್ಟೆಗೂ ಸೆಕೆ ಒಳ್ಳೆಯದಲ್ಲ. ದಿನ ಕಳೆದಂತೆ ಬಿಳಿ ನೀರಾಗುತ್ತದೆ, ಹಳದಿಯ ಪೊರೆ ಸಡಿಲವಾಗುತ್ತದೆ. ಶಾಖ ಹೆಚ್ಚಿದಷ್ಟೂ ಇದು ಬೇಗ ಆಗುತ್ತದೆ. ಹಳೆಯ ಮೊಟ್ಟೆಯ ಹಳದಿ ಬೇರ್ಪಡಿಸುವಾಗ ಒಡೆದುಹೋಗುವುದು ಇದರಿಂದಲೇ.

ಜಪಾನಿನಲ್ಲಿ ಬಿಸಿ ಅನ್ನದ ಮೇಲೆ ಹಸಿ ಮೊಟ್ಟೆ ಹಾಕಿಕೊಂಡು ತಿನ್ನುತ್ತಾರಲ್ಲ ಎಂದು ನೀವು ಕೇಳಬಹುದು. ನಿಜ. ಆದರೆ ಅಲ್ಲಿ ಮೊಟ್ಟೆಯನ್ನು ತೊಳೆದು, ಪರೀಕ್ಷಿಸಿ, ಹಸಿಯಾಗಿ ತಿನ್ನಬಹುದಾದ ಕೊನೆಯ ದಿನಾಂಕ ನಮೂದಿಸಿ ಮಾರುತ್ತಾರೆ. ಬ್ರಿಟನ್ನಿನಲ್ಲಿ ೧೯೯೦ರ ದಶಕದ ಕೊನೆಯಿಂದ ಕೋಳಿಗಳಿಗೆ ಸಾಲ್ಮೊನೆಲ್ಲ ವಿರುದ್ಧ ವ್ಯಾಪಕವಾಗಿ ಲಸಿಕೆ ಹಾಕುತ್ತ ಬಂದರು. ಅದರ ಫಲ ಕಂಡ ಮೇಲೆ, ೨೦೧೭ರಲ್ಲಿ, ಗೊತ್ತಾದ ಮುದ್ರೆಯಿರುವ ಮೊಟ್ಟೆಯನ್ನು ಗರ್ಭಿಣಿಯರೂ ಹಸಿಯಾಗಿ ತಿನ್ನಬಹುದೆಂದು ಅಲ್ಲಿನ ಆಹಾರ ಇಲಾಖೆ ಹೇಳಿತು. ನಮ್ಮ ಸಂತೆಯಲ್ಲಿ ಬಿಡಿಯಾಗಿ ಕೊಳ್ಳುವ ಮೊಟ್ಟೆ ಎಂದು ಇಟ್ಟದ್ದು, ಎಷ್ಟು ದಿನ ಬಿಸಿಲಲ್ಲಿ ಇತ್ತು ಎಂಬುದು ಕೊಳ್ಳುವವರಿಗೆ ತಿಳಿಯುವುದಿಲ್ಲ.

ಬೇರ್ಪಡಿಸುವ ಕ್ರಮ

ಮೊದಲು ಮೊಟ್ಟೆಯನ್ನು ನೀರಿನಲ್ಲಿ ಬಿಡಿ. ಮಲಗಿದರೆ ತಾಜಾ, ತೇಲಿದರೆ ಹಳೆಯದು, ಬಳಸಬೇಡಿ. ಒರೆಸಿ ಒಣಗಿಸಿ. ಬಟ್ಟಲಿನ ಅಂಚಿಗೆ ಬಡಿಯದೆ ಸಮತಟ್ಟಾದ ಕಲ್ಲಿನ ಮೇಲೆ ತಟ್ಟಿ; ಚಿಪ್ಪಿನ ಚೂರು ಒಳಗೆ ಹೋಗುವುದು ಕಡಿಮೆ. ಒಂದೊಂದನ್ನೂ ಮೊದಲು ಚಿಕ್ಕ ಬಟ್ಟಲಿಗೆ ಒಡೆಯಿರಿ. ಒಂದು ಕೆಟ್ಟಿದ್ದರೆ ಉಳಿದವು ಹಾಳಾಗುವುದಿಲ್ಲ. ಎರಡು ಅರ್ಧ ಚಿಪ್ಪುಗಳ ನಡುವೆ ಹಳದಿಯನ್ನು ಆಚೀಚೆ ಮಾಡುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಆದರೆ ಚಿಪ್ಪಿನ ಹೊರಮೈ ತಗಲುವುದರಿಂದ ಅದು ಉತ್ತಮವಲ್ಲ. ಬಟ್ಟಲಿನಿಂದ ತೂತಿನ ಚಮಚೆಯಲ್ಲಿ ಎತ್ತಿದರೆ ಬಿಳಿ ತಾನಾಗಿ ಜಾರಿ ಹಳದಿ ಉಳಿಯುತ್ತದೆ. ಮುಗಿದ ಮೇಲೆ ಕೈ, ಚಮಚೆ, ಕಲ್ಲು ಎಲ್ಲವನ್ನೂ ಸಾಬೂನಿನಿಂದ ತೊಳೆಯಿರಿ. ಬಿಳಿಯನ್ನು ಚೆಲ್ಲಬೇಡಿ. ಈರುಳ್ಳಿ, ಹಸಿಮೆಣಸಿನಕಾಯಿ ಹಾಕಿ ಹುರಿದರೆ ಜೋಳದ ರೊಟ್ಟಿಗೆ ಒಳ್ಳೆಯ ಪಲ್ಯವಾಗುತ್ತದೆ.

ಹಾಲಿನೊಂದಿಗೆ, ಆದರೆ ಬಿಸಿಯಾಗಿ

ಎರಡು ಹಳದಿಗೆ ಎರಡು ಚಮಚೆ ಸಕ್ಕರೆ ಹಾಕಿ ಕದಡಿ. ಒಂದು ಲೋಟ ಹಾಲನ್ನು ಕಾಯಿಸಿ. ಹಳದಿಯನ್ನು ನೇರವಾಗಿ ಕುದಿಯುವ ಹಾಲಿಗೆ ಸುರಿದರೆ ಗಂಟುಕಟ್ಟುತ್ತದೆ. ಬದಲಿಗೆ ಬಿಸಿ ಹಾಲನ್ನೇ ಚಮಚೆ ಚಮಚೆಯಾಗಿ ಹಳದಿಗೆ ಬೆರೆಸುತ್ತ ಹೋಗಿ. ನಂತರ ಎಲ್ಲವನ್ನೂ ಸಣ್ಣ ಉರಿಯ ಮೇಲಿಟ್ಟು ಬಿಡದೆ ಕೈಯಾಡಿಸಿ. ಮೊಟ್ಟೆಯ ಅಡುಗೆ ೭೧ ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸಾಲ್ಮೊನೆಲ್ಲ ಸಾಯುತ್ತದೆ. ಥರ್ಮಾಮೀಟರು ಬೇಕಿಲ್ಲ. ಹಾಲು, ಸಕ್ಕರೆ ಸೇರಿದ ಹಳದಿ ಮಂದವಾಗುವುದು ಸುಮಾರು ೮೦ ಡಿಗ್ರಿಯಲ್ಲಿ. ಚಮಚೆಯ ಬೆನ್ನಿಗೆ ಅಂಟಿದ ಪದರದ ಮೇಲೆ ಬೆರಳಿನಿಂದ ಗೆರೆ ಎಳೆದಾಗ ಅದು ಹಾಗೇ ಉಳಿದರೆ ಸುರಕ್ಷತೆಯ ಗಡಿ ದಾಟಿದೆ ಎಂದೇ ಅರ್ಥ.

ಬಿಸಿ ಮಾಡಿದರೆ ಸತ್ವ ಹೋಗುವುದಿಲ್ಲವೇ? ಇಡೀ ಮೊಟ್ಟೆಯ ಬಗ್ಗೆ ಬೆಲ್ಜಿಯಂನ ಸಂಶೋಧಕರು ೧೯೯೮ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬೇಯಿಸಿದ ಮೊಟ್ಟೆಯ ಪ್ರೋಟೀನು ಶೇಕಡ ೯೧ರಷ್ಟು ಜೀರ್ಣವಾದರೆ ಹಸಿಯದು ಶೇಕಡ ೫೧ರಷ್ಟು ಮಾತ್ರ ಜೀರ್ಣವಾಯಿತು. ಹಸಿ ಬಿಳಿಯಲ್ಲಿರುವ ಅವಿಡಿನ್ ಎಂಬ ಪ್ರೋಟೀನು ಬಯೋಟಿನ್ ಜೀವಸತ್ವವನ್ನು ಕಟ್ಟಿಹಾಕುತ್ತದೆ. ಬೇಯಿಸಿದರೆ ಅದರ ಹಿಡಿತ ಬಹುಮಟ್ಟಿಗೆ ತಪ್ಪುತ್ತದೆ. ಹೀಗಾಗಿ ಕಸುವು ಬೇಕೆನ್ನುವ ಪೈಲ್ವಾನನಿಗೂ ಬೆಂದ ತತ್ತಿಯೇ ಲಾಭ.

೨೦೨೧ರ ಡಿಸೆಂಬರಿನಲ್ಲಿ ಯಾದಗಿರಿಯೂ ಸೇರಿದಂತೆ ರಾಜ್ಯದ ಕೆಲವು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದೊಂದಿಗೆ ಬೇಯಿಸಿದ ಮೊಟ್ಟೆ ಕೊಡಲು ಆರಂಭಿಸಿದರು. ಮುಂದೆ ಅದು ರಾಜ್ಯದ ಉಳಿದ ಕಡೆಗೂ ಬಂತು. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣು ಕೊಡುತ್ತಾರೆ. ಆ ಮೊಟ್ಟೆಯ ಬಿಳಿಯನ್ನಷ್ಟೇ ತಿಂದು ಹಳದಿಯನ್ನು ತಟ್ಟೆಯಂಚಿಗೆ ತಳ್ಳುವ ತಮ್ಮನೋ ತಂಗಿಯೋ ನಿಮ್ಮ ಮನೆಯಲ್ಲಿದ್ದರೆ, ಬುತ್ತಿ ಯಾವುದರಲ್ಲಿದೆ ಎಂದು ಅವರಿಗೆ ಹೇಳಿ.

ಮನೆಯಲ್ಲಿ ಒಂದು ಪ್ರಯೋಗವನ್ನೂ ಮಾಡಿ. ಇಂದು ತಂದ ಮೊಟ್ಟೆಯನ್ನೂ ವಾರದ ಹಿಂದಿನ ಮೊಟ್ಟೆಯನ್ನೂ ಎರಡು ತಟ್ಟೆಗಳಲ್ಲಿ ಒಡೆದು ನೋಡಿ. ಯಾವ ಹಳದಿ ಗುಂಡಗೆ ಎದ್ದು ನಿಂತಿದೆ? ಯಾವುದು ಚಪ್ಪಟೆಯಾಗಿ ಹರಡಿದೆ? ಪೊರೆಯ ಕಥೆ ಕಣ್ಣಿಗೇ ಕಾಣುತ್ತದೆ. ನೋಡಿದ ಮೇಲೆ ಎರಡನ್ನೂ ಚೆನ್ನಾಗಿ ಬೇಯಿಸಿ ತಿನ್ನಿ.