ಬಿಸಿಲಿಗೆ ಕಟ್ಟಿದ ಹಾಯಿ

ಧೂಮಕೇತುವು ಯಾವ ದಿಕ್ಕಿಗೆ ಚಲಿಸುತ್ತಿದ್ದರೂ ಅದರ ಬಾಲವು ಸದಾ ಸೂರ್ಯನಿಗೆ ವಿಮುಖವಾಗಿಯೇ ಚಾಚಿಕೊಂಡಿರುವುದನ್ನು ಕಂಡ ಕೆಪ್ಲರನು, ಸೂರ್ಯರಶ್ಮಿಗಳೇ ಅದನ್ನು ಆಚೆಗೆ ನೂಕುತ್ತಿರಬೇಕೆಂದು ತರ್ಕಿಸಿದನು. ಅನಿಲದ ಬಾಲವನ್ನು ನೂಕುವುದು ಸೂರ್ಯನಿಂದ ಹೊರಹೊಮ್ಮುವ ವಿದ್ಯುತ್ಕಣಗಳ ಸೌರಮಾರುತವೆಂದು ಆಮೇಲೆ ತಿಳಿದುಬಂದರೂ, ಧೂಳಿನ ಬಾಲದ ಮಟ್ಟಿಗೆ ಅವನ ಮಾತು ನಿಂತಿತು. ಆಕಾಶದ ಗಾಳಿಗೊಪ್ಪುವ ಹಾಯಿಗಳು ಸಿದ್ಧವಾದ ದಿನ ಆ ಮಹಾಶೂನ್ಯಕ್ಕೂ ಅಂಜದೆ ಹೊರಡುವವರು ದೊರೆಯದಿರರೆಂದು ಅವನು 1610ರಲ್ಲಿಯೇ ಗೆಲಿಲಿಯೊವಿಗೆ ಬರೆದಿದ್ದನು. 1873ರಲ್ಲಿ ಮ್ಯಾಕ್ಸ್‌ವೆಲನ ಗಣಿತವು ಬೆಳಕಿಗೆ ಒತ್ತಡವುಂಟೆಂದು ಸಾರಿತು. ಇಪ್ಪತ್ತನೆಯ ಶತಮಾನದ ಹೊಸ್ತಿಲಿನಲ್ಲಿ ರಷ್ಯದ ಲೆಬೆಡೆವನು ಪ್ರಯೋಗಶಾಲೆಯಲ್ಲಿ ಅದನ್ನು ಅಳೆದು ತೋರಿಸಿದನು. ಹೀಗೆ ಭೌತಶಾಸ್ತ್ರದ ಮಟ್ಟಿಗೆ ಇತ್ಯರ್ಥವಾಗಿ ನೂರು ವರ್ಷಕ್ಕೂ ಮೇಲಾದ, ಬೆಳಕಿನ ನೂಕಿನಿಂದ ನೌಕೆಯನ್ನು ನಡೆಸುವ ಈ ವಿದ್ಯೆಯು ಇಷ್ಟು ಕಾಲ ಕಾದು ಕುಳಿತದ್ದು, ನನ್ನ ಎಣಿಕೆಯಲ್ಲಿ, ಬಹುಮಟ್ಟಿಗೆ ಹಾಯಿಯನ್ನು ಬಿಚ್ಚುವ ಕಷ್ಟದಿಂದ.

ಬೆಳಕಿನ ಕಣಕ್ಕೆ ದ್ರವ್ಯರಾಶಿಯಿಲ್ಲ, ಸಂವೇಗವುಂಟು. ಕನ್ನಡಿಯಂಥ ಹಾಳೆಗೆ ತಗುಲಿ ಹಿಂದಿರುಗುವಾಗ ಅದು ಆ ಸಂವೇಗದ ಇಮ್ಮಡಿಯನ್ನು ಹಾಳೆಗೆ ಒಪ್ಪಿಸಿ ಹೋಗುತ್ತದೆ. ಆದರೆ ಆ ನೂಕು ಎಷ್ಟು ಅಲ್ಪವೆಂದರೆ, ಭೂಮಿಯಿರುವ ದೂರದಲ್ಲಿ ಒಂದು ಚದರ ಕಿಲೋಮೀಟರ್ ವಿಸ್ತಾರದ ನಿರ್ದೋಷವಾದ ಕನ್ನಡಿಯನ್ನು ಸೂರ್ಯನಿಗೆ ಎದುರಾಗಿ ಹಿಡಿದರೂ ದೊರೆಯುವ ಬಲ ಸುಮಾರು 9 ನ್ಯೂಟನ್, ಎಂದರೆ ಒಂದು ಕಿಲೋಗ್ರಾಮಿನ ತೂಕಕ್ಕೂ ತುಸು ಕಡಿಮೆ. ಆದಕಾರಣ ಹಾಯಿಯು ವಿಶಾಲವಾಗಿಯೂ ಇರಬೇಕು, ಭಾರವಿಲ್ಲದೆಯೂ ಇರಬೇಕು, ರಾಕೆಟ್ಟಿನ ತಲೆಯೊಳಗೆ ಅಡಗುವಂತೆ ಮಡಿಕೆಯಾಗಿಯೂ ಇರಬೇಕು.

ಗ್ರಹಾಂತರ ಮಾರ್ಗದಲ್ಲಿ ಇದನ್ನು ಮೊದಲು ಸಾಧಿಸಿದ್ದು ಜಪಾನಿನ ಇಕಾರೊಸ್. ಶುಕ್ರಗ್ರಹಕ್ಕೆ ಹೊರಟ ಅಕಾತ್ಸುಕಿ ನೌಕೆಯೊಡನೆ ಅದೇ ರಾಕೆಟ್ಟನ್ನೇರಿ 2010ರ ಮೇ 21ರಂದು ತಾನೆಗಾಶಿಮಾ ದ್ವೀಪದಿಂದ ಅದು ಮೇಲೇರಿತು. ಬದಿಗೆ 14 ಮೀಟರ್ ಉದ್ದದ ಅದರ ಚೌಕದ ಹಾಯಿಯ ದಪ್ಪ 7.5 ಮೈಕ್ರೋಮೀಟರ್, ಮಿಲಿಮೀಟರಿನ ನೂರನೆಯ ಒಂದು ಪಾಲಿಗಿಂತಲೂ ಕಡಿಮೆ. ತೊಲೆಗಳನ್ನು ಕೊಟ್ಟು ಹರಡಿದರೆ ಆ ತೊಲೆಗಳ ಭಾರವೇ ಹಾಯಿಯ ಲಾಭವನ್ನು ತಿಂದುಹಾಕುವುದೆಂದರಿತ ತಂತ್ರಜ್ಞರು, ಹಾಳೆಯನ್ನು ಪೀಪಾಯಿಯಂಥ ಒಡಲಿಗೆ ಸುತ್ತಿ, ನಾಲ್ಕು ಮೂಲೆಗಳಿಗೂ ಅರ್ಧ ಕಿಲೋಗ್ರಾಮಿನ ಗುಂಡುಗಳನ್ನು ಕಟ್ಟಿ, ಇಡೀ ನೌಕೆಯನ್ನೇ ಗಿರ್ರನೆ ತಿರುಗಿಸಿದರು. ಮೊದಲು ನಾಲ್ಕು ತೋಳುಗಳು ಶಿಲುಬೆಯಾಕಾರದಲ್ಲಿ ಹೊರಚಾಚಿದುವು. ಬಳಿಕ ತಡೆಗಳನ್ನು ಸಡಿಲಿಸಿದೊಡನೆ, ಗಿರಕಿ ಹೊಡೆಯುವ ಹುಡುಗಿಯ ಲಂಗದಂತೆ ಹಾಯಿಯು ತಾನಾಗಿ ಅರಳಿತು. ಸ್ಪ್ರಿಂಗಿನ ಬಲದಿಂದ ಹೊರಕ್ಕೆಸೆಯಲ್ಪಟ್ಟ ಎರಡು ಪುಟ್ಟ ಕ್ಯಾಮೆರಾಗಳು ತೇಲಿಹೋಗುತ್ತಲೇ ಅದರ ಚಿತ್ರ ತೆಗೆದು ಕಳುಹಿಸಿದುವು.

ಅಳೆದು ನೋಡಲಾಗಿ ದೊರೆತ ಬಲ 1.12 ಮಿಲಿನ್ಯೂಟನ್. ಮುನ್ನೂರು ಕಿಲೋಗ್ರಾಮಿಗೂ ಮೀರಿದ ನೌಕೆಗೆ ಇದರಿಂದ ಒಂದು ಹಗಲಿರುಳಿನಲ್ಲಿ ಸಲ್ಲುವ ವೇಗ ಗಂಟೆಗೆ ಒಂದು ಕಿಲೋಮೀಟರಿನಷ್ಟು, ನಡೆಯ ಕಲಿಯುವ ಮಗುವಿಗೂ ನಗು ಬರಿಸುವಂಥದು. ಆದರೆ ಬಿಸಿಲಿಗೆ ಬಿಡುವಿಲ್ಲ, ಇಂಧನದ ಖರ್ಚಿಲ್ಲ, ಅರ್ಧ ವರ್ಷದಲ್ಲಿ ಆ ಗಳಿಕೆ ಸೆಕೆಂಡಿಗೆ ಸುಮಾರು 100 ಮೀಟರನ್ನು ಮುಟ್ಟಿತು. ಹಾಯಿಯು ಸೂರ್ಯನಿಂದ ದೂರಕ್ಕೆ ಮಾತ್ರ ಒಯ್ಯಬಲ್ಲುದೆಂಬ ಶಂಕೆ ಸಹಜ. ಆದರೆ ಹಾಯಿಯನ್ನು ಓರೆಯಾಗಿ ಹಿಡಿದು ಕಕ್ಷೆಯ ವೇಗವನ್ನು ತಗ್ಗಿಸಿದರೆ ನೌಕೆಯು ಒಳಕ್ಕೆ ಇಳಿಯುತ್ತದೆ, ಹೆಚ್ಚಿಸಿದರೆ ಹೊರಕ್ಕೆ ಏರುತ್ತದೆ. ಇಕಾರೊಸ್ ಈ ಓರೆಯನ್ನು ಬದಲಾಯಿಸಿಕೊಂಡ ಬಗೆಯಂತೂ ಸೊಗಸು: ಅಂಚಿನಲ್ಲಿ ಅಂಟಿಸಿದ್ದ ದ್ರವಸ್ಫಟಿಕದ ಫಲಕಗಳಿಗೆ ವಿದ್ಯುತ್ತನ್ನು ಹಾಯಿಸಿ, ನಿಲ್ಲಿಸಿ, ಬೆಳಕನ್ನು ಒಂದು ಬದಿಯಲ್ಲಿ ಕನ್ನಡಿಯಂತೆಯೂ ಇನ್ನೊಂದು ಬದಿಯಲ್ಲಿ ಚೆದುರುವಂತೆಯೂ ಮಾಡುವುದು.

ಪಯಣಿಸುವುದಕ್ಕಲ್ಲದೆ ಸ್ಥಿರವಾಗಿ ನಿಲ್ಲುವುದಕ್ಕೂ ಹಾಯಿ ಬೇಕಾದೀತೆಂಬುದನ್ನು ಹಾಸನದ ನಿಯಂತ್ರಣ ಕೇಂದ್ರದವರು ಬಲ್ಲರು. ಇನ್ಸಾಟ್ ಉಪಗ್ರಹಗಳಲ್ಲಿ ಹವಾಮಾನದ ಉಪಕರಣವು ತಣ್ಣಗಿರಲೆಂದು ಸೌರಫಲಕಗಳನ್ನು ಒಂದೇ ಪಕ್ಕಕ್ಕೆ ಜೋಡಿಸಿದುದರಿಂದ, ಬಿಸಿಲಿನ ಒತ್ತಡವು ಉಪಗ್ರಹವನ್ನು ತಿರುಚದಂತೆ ಎದುರು ಪಕ್ಕದಲ್ಲಿ ಉದ್ದನೆಯ ದಂಡದ ತುದಿಗೆ ಸಮತೋಲದ ಹಾಯಿಯೊಂದನ್ನಿಟ್ಟರು. 1982ರ ಇನ್ಸಾಟ್-1ಎ ಉಪಗ್ರಹದಲ್ಲಿ ಆ ಹಾಯಿ ಬಿಚ್ಚಿಕೊಳ್ಳಲಿಲ್ಲ. ಬೇರೆ ತೊಡಕುಗಳೂ ಕೂಡಿ, ಇಂಧನ ತೀರಿ, ಸೆಪ್ಟೆಂಬರಿನಲ್ಲಿ ಅದು ಕೈತಪ್ಪಿತು.

ಬಿಚ್ಚುವ ಈ ಪಾಡು ಇನ್ನೂ ಮುಗಿದಿಲ್ಲ. 2024ರ ಏಪ್ರಿಲಿನಲ್ಲಿ ನ್ಯೂಜಿಲೆಂಡಿನಿಂದ ಹಾರಿದ ನಾಸಾದ ಪುಟ್ಟ ನೌಕೆಯು 80 ಚದರ ಮೀಟರಿನ ಹಾಯಿಯನ್ನು ಹಗುರವಾದ ನಾರಿನ ತೋಳುಗಳ ಮೇಲೆ ಆಗಸ್ಟಿನಲ್ಲಿ ಹರಡಿತು. ಚಿತ್ರಗಳು ಬಂದಾಗ ನಾಲ್ಕು ತೋಳುಗಳಲ್ಲೊಂದು ತುಸು ಬಾಗಿದುದು ಕಂಡಿತು. ಹಾಯಿಯನ್ನು ಬಿಗಿಯಾಗಿ ಎಳೆದ ಗಳಿಗೆಯಲ್ಲಿಯೇ ಅದು ಬಾಗಿರಬಹುದೆಂದು ತಂತ್ರಜ್ಞರ ಊಹೆ.