ಯಾವ ಗಳಿಗೆ, ಎಷ್ಟು ಹೊತ್ತು: ಕಾರ್ಖಾನೆಯ ಕ್ಯಾಮೆರಾ

1878ರ ಜೂನ್ ತಿಂಗಳಲ್ಲಿ ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿ ಎಡ್‌ವರ್ಡ್ ಮೈಬ್ರಿಜ್ ಓಡುವ ಕುದುರೆಯ ಚಿತ್ರ ತೆಗೆಯಲು ಹೊರಟರು. ಹಾದಿಯ ಒಂದು ಬದಿಗೆ 12 ಕ್ಯಾಮೆರಾಗಳ ಸಾಲು, ಎದುರು ಬದಿಗೆ ಬಿಳಿಯ ಹಿನ್ನೆಲೆ, ನಡುವೆ ಹಾದಿಗೆ ಅಡ್ಡಲಾಗಿ ಎಳೆದ ದಾರಗಳು. ಕುದುರೆ ಒಂದೊಂದು ದಾರವನ್ನು ತಾಗಿದಂತೆ ಒಂದೊಂದು ಕ್ಯಾಮೆರಾದ ಶಟರ್ ಬಿತ್ತು. ಓಟದ ನಡುವೆ ಕುದುರೆಯ ನಾಲ್ಕೂ ಕಾಲು ಒಮ್ಮೆಗೇ ನೆಲ ಬಿಡುತ್ತವೆ ಎಂಬುದು ಚಿತ್ರಗಳಲ್ಲಿ ಕಂಡಿತು. ಆ ಪ್ರಯೋಗದ ಹೆಚ್ಚುಗಾರಿಕೆ ಇರುವುದು ಕ್ಯಾಮೆರಾಗಳ ಸಂಖ್ಯೆಯಲ್ಲಲ್ಲ, ದಾರದಲ್ಲಿ. ಯಾವಾಗ ಚಿತ್ರ ತೆಗೆಯಬೇಕೆಂದು ತೀರ್ಮಾನಿಸಿದ್ದು ಕುದುರೆಯೇ. ಇಂದಿನ ಕಾರ್ಖಾನೆಗಳಲ್ಲಿ ಬಾಟಲಿ, ಮಾತ್ರೆ, ಬೋಲ್ಟುಗಳನ್ನು ಪರೀಕ್ಷಿಸುವ ಕ್ಯಾಮೆರಾಗಳಿಗೂ ಇದೇ ನಿಯಮ ಸಲ್ಲಬೇಕೆಂಬುದು ಈ ಅಧ್ಯಾಯದ ವಾದ. ಚಿತ್ರದ ಗಳಿಗೆಯನ್ನು ವಸ್ತುವಿನ ಸ್ಥಾನ ಗೊತ್ತುಮಾಡಬೇಕು, ಬೆಳಕು ಬೀಳುವ ಅವಧಿಯನ್ನು ವಸ್ತುವಿನ ವೇಗ ಗೊತ್ತುಮಾಡಬೇಕು. ಈ ಎರಡನ್ನೂ ಕಂಪ್ಯೂಟರಿನ ಅನುಕೂಲಕ್ಕೆ ಬಿಟ್ಟರೆ ಮುಂದಿನ ಎಂಥ ಜಾಣ ಲೆಕ್ಕಾಚಾರವೂ ಆ ನಷ್ಟವನ್ನು ತುಂಬಿಕೊಡಲಾರದು.

ಗಂಟೆಗೆ 36,000 ಬಾಟಲಿ ಸಾಗುವ ಒಂದು ಬೆಲ್ಟನ್ನು ಊಹಿಸಿಕೊಳ್ಳೋಣ. ಸೆಕೆಂಡಿಗೆ ಹತ್ತು ಬಾಟಲಿ. ಒಂದರಿಂದ ಇನ್ನೊಂದಕ್ಕೆ 100 ಮಿಲಿಮೀಟರ್ ಅಂತರವಿದ್ದರೆ ಬೆಲ್ಟಿನ ವೇಗ ಸೆಕೆಂಡಿಗೆ 1 ಮೀಟರ್, ಅಂದರೆ ಮಿಲಿಸೆಕೆಂಡಿಗೆ 1 ಮಿಲಿಮೀಟರ್. ಇಲ್ಲಿ ಕಂಪ್ಯೂಟರಿನ ಪ್ರೋಗ್ರಾಂ 'ಈಗ ತೆಗೆ' ಎಂದು ಕ್ಯಾಮೆರಾಗೆ ಆಜ್ಞೆ ಕಳಿಸುತ್ತದೆ ಎಂದುಕೊಳ್ಳಿ. ಆಪರೇಟಿಂಗ್ ಸಿಸ್ಟಂ ಬೇರೇನೋ ಕೆಲಸದಲ್ಲಿದ್ದು ಆ ಆಜ್ಞೆ ಒಮ್ಮೆ 2 ಮಿಲಿಸೆಕೆಂಡು, ಇನ್ನೊಮ್ಮೆ 12 ಮಿಲಿಸೆಕೆಂಡು ತಡವಾದರೆ ಬಾಟಲಿ ಚಿತ್ರದಲ್ಲಿ 10 ಮಿಲಿಮೀಟರ್ ಆಚೀಚೆ ಸರಿಯುತ್ತದೆ. ಗಮನಿಸಿ, ತಡವಾಗುವುದು ದೋಷವಲ್ಲ. ಪ್ರತಿ ಸಲವೂ ಅಷ್ಟೇ ತಡವಾಗುವಂತಿದ್ದರೆ ಬಾಟಲಿ ಬಂದದ್ದನ್ನು ಗುರುತಿಸುವ ಸೆನ್ಸರನ್ನು ಅಷ್ಟು ಹಿಂದಕ್ಕೆ ಕೂರಿಸಿ ಸರಿಪಡಿಸಬಹುದು. ಸರಿಪಡಿಸಲಾಗದ್ದು ತಡದ ಏರುಪೇರು. ಆದ್ದರಿಂದಲೇ ಬಾಟಲಿ ಬೆಳಕಿನ ಕಿರಣವನ್ನು ಕಡಿದ ಕೂಡಲೇ ಫೋಟೊ ಸೆನ್ಸರ್ ಕಳಿಸುವ ಸಂಕೇತವನ್ನು ಕಂಪ್ಯೂಟರಿನ ಮೂಲಕ ಸುತ್ತಿಸದೆ, ವೈರಿನಲ್ಲಿ ನೇರವಾಗಿ ಕ್ಯಾಮೆರಾಗೆ ಕೊಡುತ್ತಾರೆ. ಇದು ಹಾರ್ಡ್‌ವೇರ್ ಟ್ರಿಗರ್. ಇದರ ಏರುಪೇರು ಸಾಮಾನ್ಯವಾಗಿ ಮೈಕ್ರೋಸೆಕೆಂಡುಗಳ ಲೆಕ್ಕದ್ದು. ಇನ್ನೂ ಒಂದು ಸೂಕ್ಷ್ಮವಿದೆ. ಸೆನ್ಸರ್ ಕ್ಯಾಮೆರಾಗಿಂತ 50 ಮಿಲಿಮೀಟರ್ ಹಿಂದಿದ್ದು 50 ಮಿಲಿಸೆಕೆಂಡು ಕಾದು ಚಿತ್ರ ತೆಗೆಯುವ ಏರ್ಪಾಡು ಬೆಲ್ಟ್ ಒಂದೇ ವೇಗದಲ್ಲಿ ಓಡುವ ತನಕ ಮಾತ್ರ ಸರಿ. ಬೆಲ್ಟ್ ಶುರುವಾಗುವಾಗ ಅರ್ಧ ವೇಗದಲ್ಲಿದ್ದರೆ ಬಾಟಲಿ ಇನ್ನೂ 25 ಮಿಲಿಮೀಟರ್ ಹಿಂದೆಯೇ ಇರುತ್ತದೆ. ಹಾಗಾಗಿ ಬೆಲ್ಟಿನ ರೋಲರಿಗೆ, ಅದು ತಿರುಗಿದಂತೆ ಪಲ್ಸು ಕೊಡುವ ಎನ್‌ಕೋಡರ್ ಜೋಡಿಸಿ, ಕಾಯುವುದನ್ನು ಸಮಯದಲ್ಲಲ್ಲ, ಅದರ ಪಲ್ಸುಗಳಲ್ಲಿ ಎಣಿಸುವುದು ಮೇಲು. ಕಾಗದ, ಬಟ್ಟೆ, ಉಕ್ಕಿನ ತಗಡಿನಂಥ ಕೊನೆಯಿಲ್ಲದ ಹಾಳೆಗಳನ್ನು ಗೆರೆ ಗೆರೆಯಾಗಿ ಓದುವ ಲೈನ್ ಸ್ಕ್ಯಾನ್ ಕ್ಯಾಮೆರಾಗಳಿಗಂತೂ ಎನ್‌ಕೋಡರ್ ಇಲ್ಲದಿದ್ದರೆ ವೇಗ ಬದಲಾದಾಗಲೆಲ್ಲ ಚಿತ್ರ ಹಿಗ್ಗುತ್ತದೆ, ಕುಗ್ಗುತ್ತದೆ.

ಇಷ್ಟೆಲ್ಲ ವೈರು ಏಕೆ, ಕ್ಯಾಮೆರಾವನ್ನು ಎಡೆಬಿಡದೆ ಓಡಲು ಬಿಟ್ಟು, ಬಂದ ಚಿತ್ರಗಳಲ್ಲಿ ಒಳ್ಳೆಯದನ್ನು ಸಾಫ್ಟ್‌ವೇರ್ ಆರಿಸಿಕೊಳ್ಳಲಿ ಎಂಬ ಆಕ್ಷೇಪ ಈಗ ಬಲವಾಗುತ್ತಿದೆ. ಚಿತ್ರ ಗುರುತಿಸುವ ಪ್ರೋಗ್ರಾಂಗಳು ನಿಜಕ್ಕೂ ಬಹಳ ಮುಂದುವರಿದಿವೆ. ಆದರೆ ಸೆಕೆಂಡಿಗೆ 30 ಚಿತ್ರ ತೆಗೆದರೆ ಎರಡು ಚಿತ್ರಗಳ ನಡುವೆ ಬಾಟಲಿ 33 ಮಿಲಿಮೀಟರ್ ಸಾಗಿರುತ್ತದೆ. ಸೆಕೆಂಡಿಗೆ 200 ತೆಗೆದರೂ 5 ಮಿಲಿಮೀಟರ್ ಅನಿಶ್ಚಯ ಉಳಿಯುತ್ತದೆ, ಜತೆಗೆ ಬೇಕಾದ ಹತ್ತಕ್ಕೆ ಬೇಡದ 190 ಚಿತ್ರಗಳ ಹೊರೆ. ಇದಕ್ಕಿಂತ ಗಂಭೀರವಾದದ್ದು ಲೆಕ್ಕದ ಪ್ರಶ್ನೆ. ಕೆಟ್ಟ ಬಾಟಲಿಯನ್ನು ಹೊರದಬ್ಬುವ ಕೈ ಕ್ಯಾಮೆರಾದಿಂದ ಕೆಲವು ಬಾಟಲಿಗಳಷ್ಟು ಮುಂದಿರುತ್ತದೆ. ಯಾವ ಚಿತ್ರ ಯಾವ ಬಾಟಲಿಯದು ಎಂಬ ಜೋಡಣೆ ಒಂದು ಹೆಜ್ಜೆ ತಪ್ಪಿದರೂ ಅಲ್ಲಿಂದಾಚೆಗೆ ಒಳ್ಳೆಯ ಬಾಟಲಿ ಹೊರಬಿದ್ದು ಕೆಟ್ಟದ್ದು ಅಂಗಡಿಗೆ ಹೋಗುತ್ತದೆ. ಟ್ರಿಗರ್ ಇದ್ದರೂ ಈ ಅಪಾಯ ತಾನಾಗಿ ತಪ್ಪುವುದಿಲ್ಲ. ಹಿಂದಿನ ಚಿತ್ರದ ಕೆಲಸ ಮುಗಿಸಿ ಸಿದ್ಧವಾಗುವ ಮೊದಲೇ ಬಂದ ಸಂಕೇತವನ್ನು ಕ್ಯಾಮೆರಾ ಕೈಬಿಡಬಹುದು. ಗಾಜಿನ ಮೇಲಿನ ನೀರಹನಿ ಕಿರಣವನ್ನು ಎರಡು ಸಲ ಕಡಿದು ಒಂದೇ ಬಾಟಲಿಗೆ ಎರಡು ಸಂಕೇತ ಹುಟ್ಟಿಸಬಹುದು. ಆದರೆ ಟ್ರಿಗರ್ ಇರುವ ಕಡೆ ಸಂಕೇತಗಳ ಎಣಿಕೆಯನ್ನೂ ಚಿತ್ರಗಳ ಎಣಿಕೆಯನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡಬಹುದು. ಸುಮ್ಮನೆ ಓಡುವ ಕ್ಯಾಮೆರಾದಲ್ಲಿ ತಾಳೆ ನೋಡಲು ಎರಡನೆಯ ಎಣಿಕೆಯೇ ಇಲ್ಲ. ಒಂದು ಮಾತನ್ನು ಒಪ್ಪಬೇಕು. ವಸ್ತು ನಿಂತಿದ್ದಾಗ, ರೋಬಾಟಿನ ಕೈ ಭಾಗವನ್ನು ತಂದು ಹಿಡಿದು ಕಾಯುವಾಗ, ಸಾಫ್ಟ್‌ವೇರಿನ ಆಜ್ಞೆಯೇ ಸಾಕು. ಐಇಇಇ 1588 ವಿಧಾನದಿಂದ ಗಡಿಯಾರಗಳನ್ನು ಕೂಡಿಸಿಕೊಂಡ ಕ್ಯಾಮೆರಾಗಳಿಗೆ 'ಇಂಥ ಹೊತ್ತಿಗೆ ತೆಗೆಯಿರಿ' ಎಂದು ನೆಟ್‌ವರ್ಕಿನಲ್ಲೇ ಮುಂಚಿತವಾಗಿ ಹೇಳಿಡಲೂ ಬಹುದು. ಅಲ್ಲಿಯೂ ಆ ಕ್ಷಣವನ್ನು ಹಿಡಿಯುವುದು ಕ್ಯಾಮೆರಾದೊಳಗಿನ ಗಡಿಯಾರವೇ ಹೊರತು ಕಂಪ್ಯೂಟರಿನ ಬಿಡುವಲ್ಲ.

ಇನ್ನು ಅವಧಿ, ಅಂದರೆ ಎಕ್ಸ್‌ಪೋಷರ್. ನಮ್ಮ ಬಾಟಲಿಯ ಚಿತ್ರದಲ್ಲಿ ಒಂದು ಪಿಕ್ಸೆಲ್ 0.1 ಮಿಲಿಮೀಟರಿಗೆ ಸಮ ಎನ್ನೋಣ. ಎಕ್ಸ್‌ಪೋಷರ್ 10 ಮಿಲಿಸೆಕೆಂಡು ಆದರೆ ಮಸುಕು 100 ಪಿಕ್ಸೆಲ್, 1 ಮಿಲಿಸೆಕೆಂಡು ಆದರೆ 10 ಪಿಕ್ಸೆಲ್. ಲೇಬಲ್ಲಿನ ಸಣ್ಣ ಅಕ್ಷರ ಓದಬೇಕಾದರೆ ಮಸುಕು ಒಂದು ಪಿಕ್ಸೆಲ್ ದಾಟದಿರುವುದು ಒಳ್ಳೆಯದು, ಅದಕ್ಕೆ 100 ಮೈಕ್ರೋಸೆಕೆಂಡಿನೊಳಗೆ ಮುಗಿಸಬೇಕು. 10 ಮಿಲಿಸೆಕೆಂಡಿಗೆ ಹೋಲಿಸಿದರೆ ಒಳಬರುವ ಬೆಳಕು ನೂರರಲ್ಲಿ ಒಂದು ಪಾಲು. ಗೇನ್ ಏರಿಸಿದರಾಯಿತು ಎನ್ನುವವರಿದ್ದಾರೆ. ಗೇನ್ ಬೆಳಕನ್ನು ತರುವುದಿಲ್ಲ, ಕರಕರ ಎನ್ನುವ ರೇಡಿಯೊದ ದನಿ ಏರಿಸಿದಂತೆ ಇರುವುದನ್ನೇ ದೊಡ್ಡದು ಮಾಡುತ್ತದೆ. ಬೆಳಕಿನ ಸ್ವಭಾವದಿಂದಲೇ ಬರುವ ಏರಿಳಿತ ಅದರ ಪ್ರಮಾಣದ ವರ್ಗಮೂಲದಷ್ಟು. ಬೆಳಕಿನಿಂದ ಒಂದು ಪಿಕ್ಸೆಲ್ಲಿನಲ್ಲಿ 10,000 ಎಲೆಕ್ಟ್ರಾನು ಕೂಡಿದರೆ ಏರಿಳಿತ 100, ಅಂದರೆ ಶೇ. 1. ನೂರೇ ಕೂಡಿದರೆ ಏರಿಳಿತ 10, ಅಂದರೆ ಶೇ. 10. ಎಷ್ಟು ಗೇನ್ ಕೊಟ್ಟರೂ ಈ ಅನುಪಾತ ಸುಧಾರಿಸುವುದಿಲ್ಲ. ಲೆನ್ಸಿನ ಅಪರ್ಚರ್ ಅಗಲಿಸಿದರೆ ಬೆಳಕು ಹೆಚ್ಚುತ್ತದೆ, ಫೋಕಸ್ ಉಳಿಯುವ ಆಳ ಕಡಿಮೆಯಾಗುತ್ತದೆ, ದುಂಡನೆಯ ಬಾಟಲಿಗೆ ಅದು ದೊಡ್ಡ ನಷ್ಟ. ಕೊನೆಗೆ ಉಳಿಯುವ ಪ್ರಾಮಾಣಿಕ ದಾರಿ ಬೆಳಕನ್ನೇ ಹೆಚ್ಚಿಸುವುದು: ಕ್ಯಾಮೆರಾ ಕಣ್ಣು ತೆರೆದಿರುವಷ್ಟೇ ಹೊತ್ತು ಎಲ್‌ಇಡಿ ದೀಪವನ್ನು ಮಿಂಚಿಸುವುದು. ಬಿಟ್ಟುಬಿಟ್ಟು ಕ್ಷಣಮಾತ್ರ ಉರಿಯುವ ಎಲ್‌ಇಡಿಗೆ, ಅದರ ತಯಾರಕರು ಹೇಳಿದ ಮಿತಿಯೊಳಗೆ, ಸದಾ ಉರಿಯುವಾಗಿನದಕ್ಕಿಂತ ಹಲವು ಪಟ್ಟು ಕರೆಂಟು ಕೊಡಬಹುದು.

ದೀಪದ ಮಾತು ಬಂದಾಗ ಛಾವಣಿಯ ದೀಪಗಳನ್ನು ಮರೆಯುವಂತಿಲ್ಲ. ನಮ್ಮ ದೇಶದ ವಿದ್ಯುತ್ತು 50 ಹರ್ಟ್ಸ್‌ನದು. ಟ್ಯೂಬ್‌ಲೈಟೂ ಅಗ್ಗದ ಎಲ್‌ಇಡಿಯೂ ಸೆಕೆಂಡಿಗೆ 100 ಸಲ ಹೆಚ್ಚು ಕಡಿಮೆಯಾಗುತ್ತವೆ. 100 ಮೈಕ್ರೋಸೆಕೆಂಡಿನ ಚಿತ್ರ ಒಮ್ಮೆ ಉಬ್ಬರದಲ್ಲಿ, ಒಮ್ಮೆ ಇಳಿತದಲ್ಲಿ ಸಿಕ್ಕಿ ಒಂದೇ ಬಾಟಲಿ ಬೆಳ್ಳಗೂ ಕಪ್ಪಗೂ ಕಾಣುತ್ತದೆ. ಕ್ಯಾಮೆರಾ ಇರುವ ಜಾಗಕ್ಕೆ ಮರೆ ಕಟ್ಟಿ, ಒಳಗೆ ಸ್ವಂತ ದೀಪ ಇಡುವುದಕ್ಕೆ ಇದೂ ಕಾರಣ. ಕ್ಯಾಮೆರಾದೊಳಗಿನ ಸೆನ್ಸರಿನ ಶಟರೂ ಮುಖ್ಯ. ಸಾಲು ಸಾಲಾಗಿ ತೆರೆಯುವ ರೋಲಿಂಗ್ ಶಟರಿನಲ್ಲಿ ಮೊದಲ ಸಾಲಿಗೂ ಕೊನೆಯ ಸಾಲಿಗೂ 15 ಮಿಲಿಸೆಕೆಂಡು ಅಂತರವಿದ್ದರೆ ನೆಟ್ಟಗಿನ ಬಾಟಲಿ 15 ಮಿಲಿಮೀಟರ್ ವಾಲಿದಂತೆ ಕಾಣುತ್ತದೆ. ಎಲ್ಲ ಪಿಕ್ಸೆಲ್ಲುಗಳನ್ನು ಒಟ್ಟಿಗೆ ತೆರೆದು ಒಟ್ಟಿಗೆ ಮುಚ್ಚುವ ಗ್ಲೋಬಲ್ ಶಟರ್ ದುಬಾರಿಯಾದರೂ ಚಲಿಸುವ ವಸ್ತುವಿಗೆ ಅದೇ ತಕ್ಕದ್ದು.

ಕೊನೆಯ ಆಕ್ಷೇಪವೊಂದಿದೆ. ದೀಪ ಹಳತಾಗುತ್ತದೆ, ಗಾಜಿಗೆ ಧೂಳು ಕೂರುತ್ತದೆ, ಆದ್ದರಿಂದ ಎಕ್ಸ್‌ಪೋಷರನ್ನು ಕ್ಯಾಮೆರಾ ತಾನೇ ಹೊಂದಿಸಿಕೊಳ್ಳಲಿ ಎಂಬುದು. ಮೊಬೈಲಿಗೆ ಇದು ಸರಿಯೇ. ಆದರೆ ಸ್ವಯಂಚಾಲಿತ ಹೊಂದಾಣಿಕೆ ಹಿಂದಿನ ಚಿತ್ರಗಳನ್ನು ನೋಡಿ ಮುಂದಿನದನ್ನು ಊಹಿಸುತ್ತದೆ. ಕಡುಬಣ್ಣದ ಬಾಟಲಿಯ ಹಿಂದೆ ಬಿಳಿಯದು ಬಂದರೆ ಊಹೆ ತಪ್ಪುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ ಅದು ರೋಗವನ್ನು ಮರೆಮಾಡುತ್ತದೆ. ದೀಪ ಮಂಕಾದಂತೆ ಕ್ಯಾಮೆರಾ ಅವಧಿಯನ್ನು ಹಿಗ್ಗಿಸುತ್ತಾ ಹೋಗುತ್ತದೆ, ಚಿತ್ರದ ಬೆಳಕು ಹಾಗೇ ಇರುತ್ತದೆ, ಮಸುಕು ಮಾತ್ರ ಯಾರಿಗೂ ಗೊತ್ತಾಗದಂತೆ ಬೆಳೆಯುತ್ತದೆ. ಅವಧಿಯನ್ನು ಕಟ್ಟಿಹಾಕಿದರೆ ಚಿತ್ರ ಕಪ್ಪಾಗುತ್ತಾ ಬಂದು ತಾನೇ ದೂರು ಕೊಡುತ್ತದೆ. ಚಿತ್ರದ ಒಂದು ಮೂಲೆಯಲ್ಲಿ ಸದಾ ಕಾಣುವಂತೆ ಒಂದು ಬಿಳಿ ಪಟ್ಟಿ ಅಂಟಿಸಿ, ಅದರ ಹೊಳಪು ಗೊತ್ತುಮಾಡಿದ ಮಟ್ಟಕ್ಕಿಂತ ಇಳಿದಾಗ ಎಚ್ಚರಿಕೆಯ ದೀಪ ಹೊತ್ತಿಕೊಳ್ಳುವಂತೆ ಮಾಡಿದರೆ, ಗಾಜನ್ನು ಒರೆಸಬೇಕಾದ ದಿನ ಯಾವುದೆಂದು ಪಾಳಿಯವರಿಗೆ ತಿಳಿಯುತ್ತದೆ.