ಅಮೃತಮಹಲ್ ಕಾವಲು: ದನಕ್ಕೂ ಕೃಷ್ಣಮೃಗಕ್ಕೂ ಒಂದೇ ಬಯಲು

ಕಡೂರು, ಬೀರೂರು, ಅಜ್ಜಂಪುರದ ಸುತ್ತ ಓಡಾಡಿದವರು ತೋಟಗಳ ನಡುವೆ ಮರವಿಲ್ಲದ ಬಯಲುಗಳನ್ನು ಕಂಡಿರುತ್ತಾರೆ. ಮಾರ್ಚ್ ತಿಂಗಳಲ್ಲಿ ಅಲ್ಲಿರುವುದು ಒಣಗಿದ ಕರಡ, ಅಲ್ಲೊಂದು ಇಲ್ಲೊಂದು ಜಾಲಿ, ಅಷ್ಟೇ. ಪಾಳು ಬಿದ್ದ ಜಾಗವೆಂದು ಯಾರಿಗಾದರೂ ಅನ್ನಿಸೀತು. ಆದರೆ ಮೂರು ಶತಮಾನಗಳಿಂದ ಲೆಕ್ಕವಿಟ್ಟು ದನ ಮೇಯಿಸಿಕೊಂಡು ಬಂದ ಹುಲ್ಲುಗಾವಲು ಅದು; ಇಲ್ಲಿಯವರು ಅದನ್ನು ಕಾವಲು ಎನ್ನುತ್ತಾರೆ.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ದನಗಳನ್ನು ನೋಡಿಕೊಳ್ಳುತ್ತಿದ್ದದ್ದು ‘ಬೆಣ್ಣೆ ಚಾವಡಿ’ ಎಂಬ ಇಲಾಖೆ. ಹೈದರಾಲಿ ಅಲ್ಲಿನ ಎತ್ತುಗಳನ್ನು ಫಿರಂಗಿ ಎಳೆಯಲು ಹೂಡಿದ. ಟಿಪ್ಪು ಆ ಇಲಾಖೆಗೆ ಅಮೃತಮಹಲ್ ಎಂದು ಹೆಸರಿಟ್ಟ. 1799ರ ನಂತರ ಎಲ್ಲವೂ ಬ್ರಿಟಿಷರ ಪಾಲಾಯಿತು. 1860ರಲ್ಲಿ ಅವರು ಖರ್ಚು ಉಳಿಸಲು ಹಿಂಡುಗಳನ್ನೇ ಮಾರಿಬಿಟ್ಟರು. 1866ರಲ್ಲಿ ಮತ್ತೆ ಹೊಸದಾಗಿ ಹಿಂಡು ಕಟ್ಟಬೇಕಾಯಿತು.

ಇದರಲ್ಲಿ ನನಗೆ ಅತಿ ಹೆಚ್ಚು ಮೆಚ್ಚುಗೆಯಾಗುವುದು ಮೇವಿನ ಏರ್ಪಾಡು. ಮಳೆಗಾಲಕ್ಕೆ ಒಂದು ಕಾವಲು, ಚಳಿಗಾಲಕ್ಕೆ ಇನ್ನೊಂದು, ಬೇಸಿಗೆಗೆ ನೀರು ನೆರಳಿರುವ ಮತ್ತೊಂದು. ಹಿಂಡಿನ ಉಸ್ತುವಾರಿಯ ಸೇರ್ವೆಗಾರರು ದನಗಳನ್ನು ಹೊಡೆದುಕೊಂಡು ಹೋದ ಮೇಲೆ ಹಿಂದಿನ ಕಾವಲಿಗೆ ಬಿಡುವು ಸಿಗುತ್ತಿತ್ತು. ಆ ಬಿಡುವಿನಲ್ಲಿ ಹುಲ್ಲು ತೆನೆ ಕಟ್ಟಿ ಬೀಜ ಉದುರಿಸುತ್ತಿತ್ತು. ದನ ಮೇಯದೆ ಬಿಟ್ಟರೆ ಪೊದೆ ಏರುತ್ತದೆ, ಮೇಯುತ್ತಲೇ ಇದ್ದರೆ ನೆಲ ಸವೆಯುತ್ತದೆ. ಈ ಎರಡರ ನಡುವಿನ ಹದದಲ್ಲೇ ಕೃಷ್ಣಮೃಗ, ತೋಳ, ನರಿ, ನೆಲಗುಬ್ಬಿಗಳೂ ಬದುಕಿಕೊಂಡವು.

ಚಳಿಗಾಲಕ್ಕೆ ಮಧ್ಯ ಏಷ್ಯಾದ ಕಡೆಯಿಂದ ಹ್ಯಾರಿಯರ್ ಹಕ್ಕಿಗಳು ಈ ಬಯಲುಗಳಿಗೆ ಬರುತ್ತವೆ. ಹಗಲೆಲ್ಲ ಹೊಲದ ಮೇಲೆ ತಗ್ಗಿ ಹಾರುತ್ತ ಮಿಡತೆ ಹಿಡಿದು, ಸಂಜೆ ಮರಕ್ಕೆ ಹೋಗದೆ ಹುಲ್ಲಿನ ನಡುವೆ ನೆಲದ ಮೇಲೆಯೇ ಗುಂಪಾಗಿ ಮಲಗುತ್ತವೆ. ಮೊಣಕಾಲೆತ್ತರದ ಹುಲ್ಲಿಲ್ಲದಿದ್ದರೆ ಅವಕ್ಕೆ ರಾತ್ರಿ ಕಳೆಯಲು ಜಾಗವೇ ಇಲ್ಲ. ಸುತ್ತಲಿನ ರೈತರ ಬೆಳೆಗೆ ಈ ಹಕ್ಕಿ ಮಾಡುವ ಉಪಕಾರ ಸಣ್ಣದಲ್ಲ.

ಲಕ್ಷಗಟ್ಟಲೆ ಎಕರೆಯಿದ್ದ ಕಾವಲು ದರಖಾಸ್ತಿಗೆ, ಒತ್ತುವರಿಗೆ, ಯೋಜನೆಗಳಿಗೆ ಕರಗುತ್ತ ಬಂತು. ಚಳ್ಳಕೆರೆಯ ವರವು ಕಾವಲಿನಲ್ಲಿ ಡಿಆರ್‌ಡಿಒ ಒಂದಕ್ಕೇ 4,290 ಎಕರೆ ಹೋಯಿತು. ಕುರಿ ಮೇಯಿಸಿ ಕಂಬಳಿ ನೇಯುವ ಕುಟುಂಬಗಳಿಗೆ, ದೇವರ ಎತ್ತುಗಳನ್ನು ಕಾಯುವ ಮ್ಯಾಸಬೇಡರ ಕಿಲಾರಿಗಳಿಗೆ ಅದು ನೇರ ಪೆಟ್ಟು. ಒಳ್ಳೆಯ ಉದ್ದೇಶದಿಂದಲೂ ಹಾನಿಯಾಗಿದೆ. ರಾಣೆಬೆನ್ನೂರಿನ ಕೃಷ್ಣಮೃಗ ಧಾಮದಲ್ಲಿ ನೀಲಗಿರಿ ನೆಡುತೋಪು ಎದ್ದಿತು; ಬಯಲನ್ನೇ ನಂಬಿದ ಎರೆಭೂತ ಹಕ್ಕಿ ಅಲ್ಲಿಂದ ಮರೆಯಾಯಿತು. ಹುಲ್ಲುಗಾವಲಿನಲ್ಲಿ ಸಸಿ ನೆಡುವುದನ್ನು ಪರಿಸರ ಸೇವೆ ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ.

ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಂದ ತಿದ್ದುಪಡಿಯಿಂದ ಇಂಥ ಬಯಲುಗಳನ್ನು ಉಳಿಸಲು ‘ಸಂರಕ್ಷಣಾ ಮೀಸಲು’ ಎಂಬ ಹೊಸ ದಾರಿ ತೆರೆಯಿತು. ಇದನ್ನು ಘೋಷಿಸುವ ಮುನ್ನ ಸ್ಥಳೀಯರ ಜೊತೆ ಸಮಾಲೋಚಿಸಲೇಬೇಕು. ಅಭಯಾರಣ್ಯದಂತೆ ಜನರನ್ನು ಹೊರಗಿಡುವ ಬಿಗಿ ಇಲ್ಲಿಲ್ಲ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ 798 ಎಕರೆ 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಮೀಸಲಾಯಿತು. ಕಡೂರು ತಾಲ್ಲೂಕಿನ ಬಾಸೂರು ಕಾವಲು 2011ರಲ್ಲಿ ಈ ಪಟ್ಟಿಗೆ ಸೇರಿತು. ಬೆಂಗಳೂರಿನ ಮಗ್ಗುಲಲ್ಲೇ ಇರುವ ಹೆಸರಘಟ್ಟದ 5,678 ಎಕರೆಗೆ 2024ರಲ್ಲಿ ಸಂಪುಟ ಒಪ್ಪಿಗೆ ಕೊಟ್ಟಿತು. ಉಳಿದ ಕಾವಲುಗಳಿಗೂ ಈ ರಕ್ಷಣೆ ಬೇಗ ಸಿಗಬೇಕು, ಮೇಯಿಸುವವರ ಹಕ್ಕನ್ನು ಕಾಗದದಲ್ಲಿ ಸ್ಪಷ್ಟವಾಗಿ ಬರೆದೇ ಸಿಗಬೇಕು.

ಅಮೃತಮಹಲ್ ಹಸು ಹಾಲು ಕೊಡುವುದು ಕಡಿಮೆ. ಡೇರಿಯ ಲೆಕ್ಕದಲ್ಲಿ ಅದಕ್ಕೆ ಬೆಲೆ ಬಾರದಿರಲು ಅದೇ ಕಾರಣ. ಆದರೂ ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದಲ್ಲಿ ಹೋರಿಕರುಗಳ ಹರಾಜು ನಡೆದಾಗ ದೂರದ ಜಿಲ್ಲೆಗಳ ರೈತರೂ ಪೈಪೋಟಿಗೆ ಬಿದ್ದು ಕೂಗುತ್ತಾರೆ.

ಈ ಬಯಲುಗಳನ್ನು ನೋಡಬೇಕೆನ್ನುವವರು ಮೊದಲು ಮೈದನಹಳ್ಳಿಗೆ ಹೋಗಲಿ. ಬೆಳಗಿನ ಹೊತ್ತು ಒಳ್ಳೆಯದು. ಹುಲ್ಲಿನ ಮೇಲೆ ವಾಹನ ಹತ್ತಿಸಬೇಡಿ, ಜಿಂಕೆಯ ಹಿಂಡನ್ನು ಬೆನ್ನಟ್ಟಬೇಡಿ. ನೆಲಗುಬ್ಬಿ ಗೂಡು ಕಟ್ಟುವುದು ನೆಲದಲ್ಲೇ, ಚಕ್ರದಡಿ ಸಿಕ್ಕರೆ ಮೊಟ್ಟೆ ಉಳಿಯುವುದಿಲ್ಲ.